ಓಟಿಪಿ ಯಾರ ಫೋನಿಗೆ ಬರುತ್ತೆ, ಪುಟ್ಟಿ?

ಈ ವಾರ ಬಂದ ಪತ್ರಗಳಲ್ಲಿ ಒಂದನ್ನ ಬಿಟ್ಟು ಮಿಕ್ಕಿದ್ದೆಲ್ಲ ಪಕ್ಕಕ್ಕಿಟ್ಟಿದೀನಿ, ಅತ್ತೆ ಸೊಸೆ ಜಗಳದವರು, ಮೇಲಿನ ಮನೆ ನೀರು ಸೋರೋರು ದಯವಿಟ್ಟು ಮುಂದಿನ ವಾರದ ತನಕ ಸುಧಾರಿಸ್ಕೊಳ್ಳಿ. ಮೈಸೂರಿಂದ ಒಂದು ಹುಡುಗಿ ಬರ್ದಿದಾಳೆ, ಮೂರು ಪುಟ. ರಾತ್ರಿ ಓದಿ ಲೈಟ್ ಆರಿಸಿ ಮಲಗ್ದೆ, ಹನ್ನೆರಡೂವರೆಗೆ ಎದ್ದು ಕನ್ನಡಕ ಹುಡುಕ್ಕೊಂಡು ಮೂರನೇ ಪುಟ ಮಾತ್ರ ಇನ್ನೊಂದ್ಸಲ ಓದ್ದೆ. ಯಾಕೆ ಅಂತ ಹೇಳ್ತೀನಿ ಇರಿ.

ಹೆಸರು ಬೇಡ ಅಂದಿದಾಳೆ, ಕೊನೇಲಿ 'ಒಂದು ಕಾಲದ ಪುಟ್ಟಿ' ಅಂತ ಬರ್ದಿದಾಳೆ. ಏಳನೇ ವಯಸ್ಸಿಂದ ಹನ್ನೆರಡರ ತನಕ ನಾಲ್ಕು ಸಿನಿಮಾ, ಒಂದು ಸೀರಿಯಲ್ಲು. ಫ್ಲ್ಯಾಶ್‌ಬ್ಯಾಕಲ್ಲಿ ಜಾತ್ರೆಲಿ ಕಳೆದುಹೋಗೋ ಮಗು, ಹೀರೋಯಿನ್ ಚಿಕ್ಕವಳಿದ್ದಾಗ ಹೇಗಿದ್ಲು ಅಂತ ತೋರಿಸೋ ಮಗು, ಅಂಥ ಪಾತ್ರಗಳು. ಈಗ 24 ವಯಸ್ಸು, ತರಕಾರಿ ತರೋಕೆ ಹೋದ್ರೆ ಈಗಲೂ ಯಾರಾದ್ರೂ 'ಏ ಅದೇ ಪಾಪು ಅಲ್ವೇನ್ರೀ' ಅಂತಾರಂತೆ. ಅಪ್ಪ ಇವಳಿಗೆ ಆರು ವರ್ಷ ಇದ್ದಾಗಲೇ ಹೋಗ್ಬಿಟ್ರು, ಸೋದರಮಾವನೇ ಶೂಟಿಂಗಿಗೆ ಕರ್ಕೊಂಡು ಓಡಾಡಿದ್ದು.

2024ರಲ್ಲಿ ಮಲಯಾಳಂ ಸಿನಿಮಾದಲ್ಲಿ ಹೆಣ್ಣುಮಕ್ಕಳ ಪಾಡೇನು ಅಂತ ಕೇರಳದ ಹೇಮಾ ಸಮಿತಿ ವರದಿ ಹೊರಗೆ ಬಂತಲ್ಲ, ಅದರ ಬೆನ್ನಲ್ಲೇ ಸೆಪ್ಟೆಂಬರಲ್ಲಿ ನಮ್ಮ ಸಿನಿಮಾದವರದ್ದೇ 'ಫೈರ್' ಸಂಸ್ಥೆಯವರು ಕನ್ನಡ ಚಿತ್ರರಂಗಕ್ಕೂ ಅಂಥದೇ ಸಮಿತಿ ಬೇಕು ಅಂತ 153 ಜನರ ಸಹಿ ಹಾಕಿಸಿ ಮುಖ್ಯಮಂತ್ರಿಗೆ ಮನವಿ ಕೊಟ್ರು. ಅದನ್ನೆಲ್ಲ ಓದಿ ಇವಳಿಗೂ ಧೈರ್ಯ ಬಂತಂತೆ. ಮಹಿಳಾ ದಿನಾಚರಣೆಗೆ ಒಂದು ಕಾಲೇಜಲ್ಲಿ ಮಾತಾಡಿದ್ಲು. ಏನ್ ದೊಡ್ಡ ಆರೋಪ ಅಲ್ಲ, ಯಾರ ಹೆಸರೂ ಇಲ್ಲ. ಮೇಲುಕೋಟೆಲಿ ಔಟ್‌ಡೋರ್ ಇದ್ದಾಗ ಟಾಯ್ಲೆಟ್ ಇರ್ತಿರಲಿಲ್ಲ, ಅದಕ್ಕೆ ಬೆಳಿಗ್ಗೆಯಿಂದಲೇ 'ನೀರು ಕುಡೀಬೇಡ ಪುಟ್ಟಿ, ಆಮೇಲೆ ಎಲ್ಲಿಗೆ ಕರ್ಕೊಂಡು ಹೋಗೋದು' ಅಂತಿದ್ರು, ಎಂಟು ವರ್ಷದವಳು ಮಧ್ಯಾಹ್ನದ ಬಿಸಿಲಲ್ಲಿ ಒಣಗಿದ ಬಾಯಲ್ಲಿ ಡೈಲಾಗ್ ಹೇಳ್ತಿದ್ದೆ, ಅಳು ಬರಿಸೋಕೆ ಗ್ಲಿಸರಿನ್ನೇ ಬೇಕಾಗ್ತಿರಲಿಲ್ಲ ಅಂತ ಹೇಳಿದ್ಲು. ಅಷ್ಟೇ. ವಿಡಿಯೋ ಓಡ್ತು. ಆಮೇಲೆ ಎರಡು ಥರದ ಫೋನ್ ಬಂತು. ಒಂದು, ಇನ್ನೂ ಮೂರು ಕಾಲೇಜಿಂದ, ಬಂದು ಮಾತಾಡಿ ಅಂತ. ಇನ್ನೊಂದು ಪ್ರೊಡಕ್ಷನ್ ಮ್ಯಾನೇಜರಿಂದ, ಸೆಕೆಂಡ್ ಲೀಡ್ ಪಾತ್ರ ಇದೆ, ಆದ್ರೆ ಸಿನಿಮಾ ರಿಲೀಸ್ ಆಗೋ ತನಕ 'ಈ ಥರದ್ದೆಲ್ಲ' ಮಾತಾಡೋ ಹಾಗಿಲ್ಲ ಅಂತ.

ಅಮ್ಮ ಹೇಳ್ತಾರೆ ಮೊದಲು ಹೆಸರು ಮಾಡು ಆಮೇಲೆ ಮಾತಾಡು. ಫ್ರೆಂಡ್ಸ್ ಹೇಳ್ತಾರೆ ಎರಡು ದೋಣಿ ಮೇಲೆ ಕಾಲಿಡಬೇಡ. ಇವಳು ನನ್ನ ಕೇಳ್ತಾಳೆ: 'ಮೇಡಂ, ನನಗೆ ಹ್ಯಾರಿ ಪಾಟರ್ ಸಿನಿಮಾದ ಎಮ್ಮಾ ವಾಟ್ಸನ್ ಥರ ಆಗ್ಬೇಕು. ಸಿನಿಮಾ ಆಯ್ಕೆ ಮಾಡ್ಕೊಳ್ಲಾ, ಹೋರಾಟ ಆಯ್ಕೆ ಮಾಡ್ಕೊಳ್ಲಾ?'

ನೀವು ಅಂತ ಬರೆಯೋಕೆ ಶುರು ಮಾಡಿದ್ದೆ, ಕೈ ಓಡ್ಲಿಲ್ಲ. ನನ್ನ ಮಗಳಿಗಿಂತ ಎರಡು ವರ್ಷ ಚಿಕ್ಕವಳು. ನೀನು ಅಂತೀನಿ ಕಣಮ್ಮ, ಬೇಜಾರು ಮಾಡ್ಕೋಬೇಡ.

ನಿನ್ನ ಪ್ರಶ್ನೆಗೆ ಆಮೇಲೆ ಬರ್ತೀನಿ, ಅದು ಅಷ್ಟು ಮುಖ್ಯದ್ದಲ್ಲ. ಮೂರನೇ ಪುಟದಲ್ಲಿ, 'ಇನ್ನೇನೂ ಇಲ್ಲ ಮೇಡಂ' ಅಂತ ಬರೆದ ಮೇಲೆ, ಎರಡು ಸಾಲು ಸೇರಿಸಿದೀಯಲ್ಲ. 'ಇನ್‌ಸ್ಟಾ ಮಾವನೇ ನೋಡ್ಕೋತಾರೆ, ಆ ವಿಡಿಯೋನ ಅವರೇ ಡಿಲೀಟ್ ಮಾಡಿದ್ರು, ಅದೇನ್ ದೊಡ್ಡ ವಿಷ್ಯ ಅಲ್ಲ ಬಿಡಿ. ಅಡ್ವಾನ್ಸ್ ಕೂಡ ಇಸ್ಕೊಂಡಿದಾರಂತೆ, ನನ್ನ ಅಕೌಂಟಿನ ಮೆಸೇಜೆಲ್ಲ ಅವರ ಫೋನಿಗೇ ಬರೋದು.'

ಅದೇನ್ ದೊಡ್ಡ ವಿಷ್ಯ ಅಲ್ವಾ?

ಪುಟ್ಟಿ, ನೀನು ಸುಮ್ಮನಿರಬೇಕಾ ಬೇಡ್ವಾ ಅಂತ ನನ್ನ ಕೇಳ್ತಾ ಇದೀಯ. ನಿನ್ನ ಸುಮ್ಮನಿರೋದಕ್ಕೆ ರೇಟ್ ಫಿಕ್ಸ್ ಆಗಿ ಅಡ್ವಾನ್ಸೂ ಬಂದಾಗಿದೆ ಕಣೇ. ಎಷ್ಟು ಅಂತ ನಿನಗೇ ಗೊತ್ತಿಲ್ಲ, ಯಾಕಂದ್ರೆ ಮೆಸೇಜ್ ಬಂದಿದ್ದು ಬೇರೆಯವರ ಫೋನಿಗೆ.

ಈ ಅಂಕಣ ಓದೋರಿಗೆ ನನ್ನ ಹಳೇ ರಾಗ ಗೊತ್ತು, ಶುರುವಾಯ್ತು ಅಂತ ನಗ್ತಾ ಇರ್ತೀರ, ನಗಿ. ಇಪ್ಪತ್ತೆಂಟು ವರ್ಷ ಬ್ಯಾಂಕಲ್ಲಿ ಇದ್ದವಳು ನಾನು. ಗಂಡ ಹೊಡೀತಾನೆ ಅಂತ ಬರೆದೋರಿಗೂ ಅದೇ ಕೇಳಿದೀನಿ, ಗಂಡ ತುಂಬ ಒಳ್ಳೆಯವನು ಆದ್ರೂ ಏನೋ ಸರಿ ಇಲ್ಲ ಅಂತ ಬರೆದೋರಿಗೂ ಅದೇ ಕೇಳಿದೀನಿ: ಓಟಿಪಿ ಯಾರ ಫೋನಿಗೆ ಬರುತ್ತೆ? ಹೆಣ್ಣುಮಕ್ಕಳ ಹಕ್ಕು ಅಂತ ವೇದಿಕೆ ಮೇಲೆ ಏನೇನು ಮಾತಾಡ್ತಾರೋ ಅದೆಲ್ಲ ನನ್ನ ಲೆಕ್ಕದಲ್ಲಿ ಈ ಆರು ಅಂಕಿ ಆದ್ಮೇಲೆ.

ಕೌಂಟರಲ್ಲಿ ಕೂತವರಿಗೆ ಒಂದು ವಿಷ್ಯ ಗೊತ್ತಿರುತ್ತೆ. ಮಗುವಿನ ಹೆಸರಲ್ಲಿ ಖಾತೆ ಮಾಡಿದ್ರೆ ಅಪ್ಪನೋ ಅಮ್ಮನೋ ಗಾರ್ಡಿಯನ್. 18 ತುಂಬಿದ ಮೇಲೆ ಗಾರ್ಡಿಯನ್ ಸಹಿ ನಡೆಯಲ್ಲ, ಮಗು ಬಂದು ಹೊಸದಾಗಿ ಫಾರಂ ತುಂಬಿ, ಕೆವೈಸಿ ಕೊಟ್ಟು, ಮಾದರಿ ಸಹಿ ಹಾಕಬೇಕು. ಒಂದ್ಸಲ ಒಬ್ಬ ಹುಡುಗಿ ಬಂದಿದ್ಲು, ಹತ್ತೊಂಬತ್ತು ಇರಬಹುದು, ಜೊತೆಗೆ ಅಪ್ಪ. ನಾನು ಹುಡುಗೀನ ಕೇಳಿದ್ದಕ್ಕೆಲ್ಲ ಅಪ್ಪನೇ ಉತ್ತರ ಕೊಡ್ತಿದ್ರು. ಸಹಿ ಹಾಕಮ್ಮ ಅಂದೆ. ಪೆನ್ ಹಿಡಿದು ಅಪ್ಪನ ಮುಖ ನೋಡಿದ್ಲು, 'ಯಾವ ಥರ ಹಾಕ್ಲಿ?' ಅಂತ. ತನ್ನ ಸಹಿ ಹೇಗಿರಬೇಕು ಅಂತಾನೂ ಅಪ್ಪನ್ನ ಕೇಳಿದ್ಲು. ಮೊಬೈಲ್ ನಂಬರ್ ಕಾಲಮ್ ಬಂದಾಗ ಅಪ್ಪ ತಮ್ಮ ನಂಬರ್ ಹೇಳಿದ್ರು, ನಾನು ಬರ್ಕೊಂಡೆ. ಬರ್ಕೊಂಡೆ ಅನ್ನೋದೇ ನನಗೆ ಈಗಲೂ ಚುಚ್ಚೋದು.

ಈಗ ನಿನ್ನ ಎಮ್ಮಾ ವಾಟ್ಸನ್ ವಿಷ್ಯಕ್ಕೆ ಬರೋಣ.

ನೀನು ನೋಡಿರೋದು ಆ ಭಾಷಣ ಅಲ್ವಾ? 2014ರ ಸೆಪ್ಟೆಂಬರ್ 20, ನ್ಯೂಯಾರ್ಕಿನ ವಿಶ್ವಸಂಸ್ಥೆ ಕಟ್ಟಡ, ಹೆಣ್ಣಿನ ಸಮಾನತೆಗೆ ಗಂಡಸರೂ ಜೊತೆಗೆ ನಿಲ್ಲಲಿ ಅನ್ನೋ 'ಹೀ ಫಾರ್ ಶೀ' ಅಭಿಯಾನ. ಈ ಹ್ಯಾರಿ ಪಾಟರ್ ಹುಡುಗಿಗೆ ಇಲ್ಲೇನು ಕೆಲಸ ಅಂತ ನೀವು ಅಂದ್ಕೋತಿರಬಹುದು, ನಾನೂ ಅದನ್ನೇ ಕೇಳ್ಕೋತಾ ಇದೀನಿ ಅಂತ ನಡುಗೋ ದನೀಲಿ ಹೇಳ್ತಾಳೆ. ನಿನಗೆ ತರಕಾರಿ ಅಂಗಡೀಲಿ 'ಅದೇ ಪಾಪು' ಅಂದ ಹಾಗೇನೇ. ಗಂಡಸರನ್ನ ಕೈಮುಗಿದು ಕರೆದಿದ್ದು ನನಗೆ ಅಷ್ಟೇನೂ ಹಿಡಿಸ್ಲಿಲ್ಲ, ಅದು ಬಿಡು, ಹುಡುಗಿ ಮಾತು ಚೆನ್ನಾಗಿತ್ತು.

ಆದ್ರೆ ಎಲ್ಲರೂ ನೋಡೋದು ಆ ಭಾಷಣ, ನೀನು ಅದರ ಹಿಂದಿನ ಹದಿಮೂರು ವರ್ಷ ನೋಡು. 2001ರಲ್ಲಿ ಮೊದಲ ಸಿನಿಮಾ ಬಂದಾಗ ಅವಳಿಗೆ 11. 2011ರ ತನಕ ಎಂಟು ಸಿನಿಮಾ, ಒಂದೇ ಪಾತ್ರ. ಅಪ್ಪ ಅಮ್ಮ ಬೇರೆಬೇರೆ ಆಗಿದ್ರು, ಇಬ್ರೂ ಲಾಯರುಗಳು. ಇದನ್ನ ಸಣ್ಣ ವಿಷ್ಯ ಅಂದ್ಕೋಬೇಡ, ಅಗ್ರಿಮೆಂಟ್ ಓದೋಕೆ ಬರೋರು ಮನೇಲೇ ಇದ್ರು. ಕೊನೇ ಭಾಗಗಳಿಗೆ ಒಪ್ಕೊಳ್ಳೋ ಸಮಯ ಬಂದಾಗ ಓದಿನ ಕಡೆ ಮನಸ್ಸಿದ್ದು ಮಾಡ್ಲಾ ಬೇಡ್ವಾ ಅಂತ ಅಳೆದೂ ಸುರಿದೂ ಯೋಚಿಸಿದ್ಲು, 2007ರ ಮಾರ್ಚಲ್ಲಿ ಹೂಂ ಅಂದ್ಲು. ಆಗ 16 ವಯಸ್ಸು! ಅಷ್ಟು ದೊಡ್ಡ ಸ್ಟುಡಿಯೋ ಒಂದು ಹೈಸ್ಕೂಲ್ ಹುಡುಗಿ ಹೂಂ ಅನ್ನೋದಕ್ಕೆ ಕಾಯ್ತು. ನಿನಗೆ 24, ನಿನ್ನ ಹೂಂ ಯಾರೋ ಅಂದ್ಬಿಟ್ಟಿದಾರೆ.

ದುಡ್ಡಿನ ವಿಷ್ಯನೂ ಹಾಗೇ. ಎಷ್ಟು ದುಡಿದಿದೀಯ ಅಂತ ಅಪ್ಪ ಒಂದಿನ ಹೇಳಿದಾಗ ಹೊಟ್ಟೆ ತೊಳಸಿದ ಹಾಗಾಯ್ತು ಅಂತ ಅವಳೇ ಹೇಳ್ಕೊಂಡಿದ್ಲು, ಅಷ್ಟೊಂದು ದುಡ್ಡಂತೆ. ಅಲ್ಲಿ ನನಗೆ ಮುಖ್ಯ ಮೊತ್ತ ಅಲ್ಲ. ಅಪ್ಪ ಹೇಳಿದ್ರು ಅನ್ನೋದು.

ಹೇಳದೇ ಇರೋ ಅಪ್ಪ ಅಮ್ಮಂದಿರೂ ಇದ್ರಪ್ಪ. ಜಾಕಿ ಕೂಗನ್ ಅಂತ, 1921ರಲ್ಲಿ ಚಾಪ್ಲಿನ್ ಜೊತೆ ನಟಿಸಿದ ಪೋರ, ಲಕ್ಷಾಂತರ ಡಾಲರ್ ದುಡಿದ. ದೊಡ್ಡವನಾಗಿ ನೋಡಿದ್ರೆ ಅಮ್ಮ, ಮಲತಂದೆ ಸೇರಿ ಖರ್ಚು ಮಾಡ್ಬಿಟ್ಟಿದ್ರು. 1938ರಲ್ಲಿ ಕೋರ್ಟಿಗೆ ಹೋದ, ಸುಮಾರು 1,26,000 ಡಾಲರ್ ಕೈಗೆ ಬಂತು ಅಷ್ಟೇ. ಅದರಿಂದಲೇ ಮಾರನೇ ವರ್ಷ ಕ್ಯಾಲಿಫೋರ್ನಿಯಾದಲ್ಲಿ ಮಕ್ಕಳ ದುಡಿಮೆ ಕಾಯೋ ಕಾನೂನು ಬಂತು, ಇವತ್ತಿಗೂ ಅವನ ಹೆಸರಲ್ಲೇ ಕರೀತಾರೆ. ನಮ್ಮಲ್ಲಿ ಅಂಥದ್ದು ಬರೋಕೆ 2017 ಆಯ್ತು ನೋಡು. ಬಾಲಕಾರ್ಮಿಕ ನಿಯಮಗಳಿಗೆ ತಿದ್ದುಪಡಿ ಮಾಡಿ, ಮಗು ದಿನಕ್ಕೆ ಐದು ಗಂಟೆ ಮೀರಿ ಕೆಲಸ ಮಾಡೋ ಹಾಗಿಲ್ಲ, ಮಧ್ಯ ಬಿಡುವಿಲ್ಲದೆ ಮೂರು ಗಂಟೆ ದಾಟೋ ಹಾಗಿಲ್ಲ, ಸತತ 27 ದಿನಕ್ಕಿಂತ ಹೆಚ್ಚು ಶೂಟಿಂಗ್ ಇಲ್ಲ, ಜಿಲ್ಲಾ ಮ್ಯಾಜಿಸ್ಟ್ರೇಟ್ ಅನುಮತಿ ಬೇಕು, ಮಗು ದುಡಿದಿದ್ದರಲ್ಲಿ ಕನಿಷ್ಠ ಶೇ 20 ರಾಷ್ಟ್ರೀಕೃತ ಬ್ಯಾಂಕಲ್ಲಿ ಮಗುವಿನ ಹೆಸರಲ್ಲೇ ಎಫ್‌ಡಿ ಇಡಬೇಕು ಅಂತ ಮಾಡಿದ್ರು. ನೀನು ಅಷ್ಟರಲ್ಲಿ ದೊಡ್ಡವಳಾಗ್ಬಿಟ್ಟಿದ್ದೆ. ನಿನ್ನ ಪಾಲಿಗೆ ಅದು ಮದುವೆ ಮುಗಿದ ಮೇಲೆ ಬಂದ ವಾಲಗ.

18ರ ಮಾತು ಬಂತಲ್ಲ, ಇದನ್ನ ಹೇಳ್ಲೇಬೇಕು. ಎಮ್ಮಾ ವಾಟ್ಸನ್ನಿಗೆ 2008ರ ಏಪ್ರಿಲಲ್ಲಿ 18 ತುಂಬ್ತು. ಹುಟ್ಟುಹಬ್ಬದ ಪಾರ್ಟಿಯಿಂದ ಹೊರಗೆ ಬಂದ್ರೆ ಫೋಟೋದವರು ಫುಟ್‌ಪಾತ್ ಮೇಲೆ ಮಲಗಿ ಸ್ಕರ್ಟ್ ಕೆಳಗಿಂದ ಫೋಟೋ ತೆಗೆದ್ರಂತೆ, ಬೆಳಿಗ್ಗೆ ಪೇಪರಲ್ಲಿ. ಒಂದು ದಿನ ಮುಂಚೆ ಹಾಕಿದ್ರೆ ಅಪರಾಧ, ಹದಿನೆಂಟಾಯ್ತಲ್ಲ, ಈಗ ಹಾಕಬಹುದು ಅಂತ ಲೆಕ್ಕ. ಎಂಟು ವರ್ಷ ಆದ್ಮೇಲೆ ಅವಳೇ ಇದನ್ನ ಹೇಳಿದ್ಲು. ಹಾಗೆ ಫೋಟೋ ತೆಗೆಯೋದು ಅಪರಾಧ ಅಂತ ಇಂಗ್ಲೆಂಡಲ್ಲಿ ಕಾನೂನು ಜಾರಿಗೆ ಬಂದಿದ್ದು 2019ರಲ್ಲಿ. ಹುಡುಗೀಗೆ 18 ಆಗೋದನ್ನ ಯಾರ್ಯಾರೋ ಕ್ಯಾಲೆಂಡರ್ ಇಟ್ಕೊಂಡು ಕಾಯ್ತಿರ್ತಾರೆ, ಬ್ಯಾಂಕ್ ಫಾರಂ ತುಂಬಿಸೋರು ಮಾತ್ರ ಮರೀತಾರೆ.

ಅವಳೂ ಸಿನಿಮಾನೋ ಹೋರಾಟನೋ ಅಂತ ಚೀಟಿ ಎತ್ತಲಿಲ್ಲ. ಮಧ್ಯ ಮಧ್ಯ ನಟಿಸ್ಕೊಂಡೇ ಬ್ರೌನ್ ಯೂನಿವರ್ಸಿಟೀಲಿ ಇಂಗ್ಲಿಷ್ ಸಾಹಿತ್ಯ ಓದಿ 2014ರ ಮೇನಲ್ಲಿ ಡಿಗ್ರಿ ತಗೊಂಡ್ಲು, ಜುಲೈಲಿ ವಿಶ್ವಸಂಸ್ಥೆ ಮಹಿಳಾ ವಿಭಾಗದ ರಾಯಭಾರಿ ಆದ್ಲು, ಸೆಪ್ಟೆಂಬರಲ್ಲಿ ಭಾಷಣ. ಭಾಷಣ ಆಗಿ ಎರಡು ಮೂರು ದಿನಕ್ಕೆ, ನಿನ್ನ ಬೆತ್ತಲೆ ಫೋಟೋ ಬಿಡ್ತೀವಿ ಅಂತ ಯಾರೋ ವೆಬ್‌ಸೈಟ್ ಮಾಡಿ ಗಡಿಯಾರ ಹಾಕಿ ಎಣಿಸೋಕೆ ಶುರು ಮಾಡಿದ್ರು, ಸುಳ್ಳು ಅಂತ ಆಮೇಲೆ ಗೊತ್ತಾಯ್ತು. ಹೆದರಿ ಬಿಡ್ತಾಳೆ ಅಂದ್ಕೊಂಡಿದ್ರು, ಅವಳಿಗೆ ಸಿಟ್ಟು ಬಂತು. 2016ರಲ್ಲಿ ಒಂದು ವರ್ಷ ನಟನೆಗೆ ರಜ ಹಾಕಿ ಓದೋಕೆ ಕೂತ್ಲು, ಸ್ತ್ರೀವಾದದ ಪುಸ್ತಕಗಳಿಗೆ ಅಂತ ಓದುಗರ ಬಳಗ ಮಾಡಿ, ಲಂಡನ್ನಿನ ನೆಲದಡಿ ರೈಲಿನ ಸ್ಟೇಷನ್ನುಗಳಲ್ಲಿ ಪುಸ್ತಕ ಬಚ್ಚಿಟ್ಟು ಬರ್ತಿದ್ಲು, ಸಿಕ್ಕಿದವರು ಓದ್ಲಿ ಅಂತ. ಅದೇ ವರ್ಷ ಆಫ್ರಿಕಾದ ಮಲಾವಿಗೆ ಹೋಗಿ ಅಲ್ಲಿ ಥೆರೆಸಾ ಕಚಿಂಡಮೊಟೊ ಅನ್ನೋ ಊರೊಡತೀನ ನೋಡಿದ್ಲು. ಆ ಯಮ್ಮ ನೂರಾರು ಬಾಲ್ಯವಿವಾಹ ರದ್ದು ಮಾಡಿ ಹುಡುಗೀರನ್ನ ಸ್ಕೂಲಿಗೆ ವಾಪಸ್ ಕಳಿಸಿದ ಗಟ್ಟಿಗಿತ್ತಿ, ನನ್ನ ಕೇಳಿದ್ರೆ ಪೋಸ್ಟರ್ ಹಾಕ್ಕೊಳ್ಳಬೇಕಾದ್ದು ಅವಳದ್ದು. 2017ರಲ್ಲಿ ಮತ್ತೆ ದೊಡ್ಡ ಸಿನಿಮಾ. 2018ರಲ್ಲಿ ಲೈಂಗಿಕ ಕಿರುಕುಳಕ್ಕೆ ಒಳಗಾದವರ ನೆರವಿನ ನಿಧಿಗೆ 10 ಲಕ್ಷ ಪೌಂಡ್ ಕೊಟ್ಲು. 2019ರಲ್ಲಿ, ಕೆಲಸದ ಜಾಗದಲ್ಲಿ ಕಿರುಕುಳ ಆದ ಹೆಂಗಸರು ಫೋನ್ ಮಾಡಿದ್ರೆ ಲಾಯರುಗಳು ಪುಕ್ಕಟೆ ಸಲಹೆ ಕೊಡೋ ಸಹಾಯವಾಣಿ ಶುರುವಾಗೋಕೆ ಕೈಜೋಡಿಸಿದ್ಲು. ಆ ಭಾಷಣಕ್ಕಿಂತ ಆ ಫೋನ್ ನಂಬರೇ ನನಗೆ ದೊಡ್ಡದು.

10 ಲಕ್ಷ ಪೌಂಡ್ ಕೊಡಬೇಕಾದ್ರೆ ಅವಳು ಮಾವನ್ನ ಓಟಿಪಿ ಕೇಳಿರಲ್ಲ ಅಂದ್ಕೋತೀನಿ.

ದೂರದ ಉದಾಹರಣೆ ಸಾಕು ಅಂದ್ರೆ ಪಕ್ಕದ ಚೆನ್ನೈ ನೋಡು. ರೋಹಿಣಿ, ಚಿಕ್ಕ ಮಗುವಾಗಿದ್ದಾಗಲೇ ತೆಲುಗು ಸಿನಿಮಾಗೆ ಬಂದವರು, ಈಗಲೂ ನಟಿಸ್ತಾರೆ, 2024ರಲ್ಲಿ ತಮಿಳು ಕಲಾವಿದರ ಸಂಘದ ಲೈಂಗಿಕ ಕಿರುಕುಳದ ದೂರು ಸಮಿತಿಗೆ ಅವರೇ ಮುಖ್ಯಸ್ಥೆ ಆಗಿದ್ರು. ಎರಡು ದೋಣಿ ಅಂತೆ! ಆ ಗಾದೆ ಹೇಳಿದ ನಿನ್ನ ಫ್ರೆಂಡ್ಸಿಗೆ ಹೇಳು, ಅದು ಒಂದೇ ದೋಣಿ, ತೂತು ಎಲ್ಲಿದೆ ಅಂತ ಒಳಗೆ ಕೂತವರಿಗೇ ಗೊತ್ತಾಗೋದು.

ಇನ್ನು ಮಾವ. ನಾನು ಮಾವನ್ನ ಬೈತೀನಿ ಅಂತ ಕಾಯ್ತಿದ್ರೆ ನಿನಗೆ ನಿರಾಸೆ ಆಗುತ್ತೆ. ಸೈಕಲ್ ಶಾಪ್ ಬಾಗಿಲು ಹಾಕಿ, ಬೆಳಗಿನ ಜಾವ ನಾಲ್ಕಕ್ಕೆ ಸ್ಕೂಟರ್ ಮೇಲೆ ನಿದ್ದೆಗಣ್ಣಿನ ಹುಡುಗೀನ ಮುಂದೆ ನಿಲ್ಲಿಸ್ಕೊಂಡು ಹೋಗ್ತಿದ್ರು ಅಂತ ನೀನೇ ಬರ್ದಿದೀಯ. ಅಕ್ಕನ ಗಂಡ ಇಲ್ಲ, ಮನೆ ನಡೀಬೇಕು, ಅವರಿಗಾದ್ರೂ ಯಾರು ಹೇಳ್ಕೊಟ್ಟಿದ್ರು? ಇನ್ನೊಂದು ಮಾತು. 'ನೀರು ಕುಡೀಬೇಡ ಅಂತಿದ್ರು' ಅಂತ ಬರೆದೆ, ಯಾರು ಅಂತಿದ್ರು ಅಂತ ಬರೀಲಿಲ್ಲ. ಜೊತೆಗೆ ಬರ್ತಿದ್ದವರು ಒಬ್ಬರೇ ಅಲ್ವಾ? ಆ ವಿಡಿಯೋ ಅವರು ಡಿಲೀಟ್ ಮಾಡಿದ್ದು ಬರೀ ಪ್ರೊಡ್ಯೂಸರಿಗೆ ಹೆದರಿ ಅಂತ ನನಗನ್ಸಲ್ಲ. ಸಾವಿರಾರು ಜನ ನೋಡ್ತಿರೋ ವಿಡಿಯೋದಲ್ಲಿ ಹೆಸರಿಲ್ಲದೆ ತಾವೇ ನಿಂತಿರೋದನ್ನ ಆ ಮನುಷ್ಯ ಕಂಡಿರಬೇಕು. ಇದನ್ನ ಅವರ ಹತ್ರ ಒಂದಿನ ಮಾತಾಡು, ಜಗಳ ಆಡೋಕಲ್ಲ. ಅಮ್ಮನ ಬಗ್ಗೆ ನನಗೆ ಹೇಳೋಕೆ ಏನೂ ಇಲ್ಲ, ಅವರು ಹೆದರಿದಾರೆ ಅಷ್ಟೇ.

ನನಗೆ ಪಿತ್ತ ನೆತ್ತಿಗೇರಿದ್ದು ಯಾರ ಮೇಲೆ ಗೊತ್ತಾ? ಆ ಕಾಲೇಜಿನ ಪ್ರಿನ್ಸಿಪಾಲರ ಮೇಲೆ. ನಿನ್ನ 'ಕನ್ನಡದ ಎಮ್ಮಾ ವಾಟ್ಸನ್' ಅಂದ್ರಂತೆ, ಒಂದು ಶಾಲು ಒಂದು ಮೆಮೆಂಟೋ ಕೊಟ್ರಂತೆ, ಬಸ್ ಚಾರ್ಜೂ ಕೊಡ್ಲಿಲ್ವಂತೆ. ನೀನು ಸಂಕೋಚದಿಂದ ಕೇಳಿದ್ದಕ್ಕೆ 'ದುಡ್ಡು ತಗೊಂಡ್ರೆ ಅದು ಹೋರಾಟ ಹೇಗಮ್ಮ ಆಗುತ್ತೆ' ಅಂದ್ರಂತೆ. ಆಹಾ! ಶಾಮಿಯಾನದವನಿಗೆ ದುಡ್ಡು, ಮೈಕಿನವನಿಗೆ ದುಡ್ಡು, ಉಪ್ಪಿಟ್ಟು ಕೇಸರಿಬಾತಿಗೆ ದುಡ್ಡು, ಮಾತಾಡೋ ಹೆಣ್ಣಿಗೆ ಮಾತ್ರ ಶಾಲು. ನನ್ನ ಬೀರುವಲ್ಲೂ ಹನ್ನೊಂದು ಶಾಲಿದೆ, ನುಸಿಗುಳಿಗೆ ಖರ್ಚು ನಂದೇ. ಮೇಲಿಂದ ನಿನ್ನ ಒಂದು ಮಾತು ಕೇಳದೆ ವಿಡಿಯೋ ಮಾಡಿ ಕಾಲೇಜಿನ ಪೇಜಲ್ಲಿ ಹಾಕಿ, ನಿನಗೆ ಬೆದರಿಕೆ ಥರದ ಫೋನ್ ಬಂದಾಗ 'ನಮಗೂ ಅದಕ್ಕೂ ಸಂಬಂಧ ಇಲ್ಲ' ಅಂದ್ರಲ್ಲ, ಅಡ್ವಾನ್ಸ್ ಇಸ್ಕೊಂಡ ಮಾವನಿಗೂ ಇವರಿಗೂ ಏನ್ ವ್ಯತ್ಯಾಸ? ಮಾವ ಕಡೇಪಕ್ಷ ಸ್ಕೂಟರಿಗೆ ಪೆಟ್ರೋಲ್ ಹಾಕ್ಸಿದ್ರು. ಮತ್ತೆ ಕರೆದ್ರೆ ಮೊದಲು ಕೇಳು, ಸಾರ್, ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯೋ 2013ರ ಕಾಯಿದೆ ಪ್ರಕಾರ ನಿಮ್ಮ ಕಾಲೇಜಲ್ಲಿ ಆಂತರಿಕ ದೂರು ಸಮಿತಿ ಇದೆಯಾ, ಬೋರ್ಡ್ ಎಲ್ಲಿ ಹಾಕಿದೀರ ಅಂತ. ಮಹಿಳಾ ದಿನದ ರಂಗೋಲಿ ಸ್ಪರ್ಧೆ ಪಕ್ಕ ಹಾಕಿದ್ರೆ ಸಾಕು.

ಆ ಪ್ರೊಡಕ್ಷನ್ ಮ್ಯಾನೇಜರಿಗೂ ಇದೇ ಪ್ರಶ್ನೆ. ಸಿನಿಮಾ ಸೆಟ್ಟಿಗೆ ಇದೆಲ್ಲ ಬರಲ್ಲ ಅಂತಾರೆ. ಒಂದೊಂದು ಸಿನಿಮಾದ ಪ್ರೊಡಕ್ಷನ್ ಯೂನಿಟ್ಟೂ ಕೆಲಸದ ಜಾಗವೇ, ಅಲ್ಲಿ ಸಮಿತಿ ಇರಬೇಕು ಅಂತ 2022ರ ಮಾರ್ಚಲ್ಲೇ ಕೇರಳ ಹೈಕೋರ್ಟ್ ಹೇಳಿದೆ.

ಈಗ ನಿನ್ನ ಪ್ರಶ್ನೆ. ಆ ಪಾತ್ರ ಒಪ್ಕೋಬೇಕಾ? ಗೊತ್ತಿಲ್ಲ ಕಣಮ್ಮ. ಕಥೆ ಚೆನ್ನಾಗಿದ್ರೆ ಮಾಡು, ನಟನೆ ಇಷ್ಟ ಅಂತ ಮೊದಲ ಪುಟದಲ್ಲಿ ನಾಲ್ಕು ಸಲ ಬರ್ದಿದೀಯ, ಅದನ್ನ ಯಾರಿಗೋಸ್ಕರಾನೂ ಬಿಡಬೇಡ. ಮಾತಾಡೋ ಹಾಗಿಲ್ಲ ಅನ್ನೋ ಸಾಲು ಕಾಗದದಲ್ಲಿ ಇದ್ರೆ ಹೊಡೆದು ಹಾಕಿಸು, ಒಪ್ಪಲಿಲ್ಲ ಅಂದ್ರೆ ಅಡ್ವಾನ್ಸ್ ವಾಪಸ್ ಕಳಿಸು, ಕ್ಯಾಷ್ ಬೇಡ, ಖಾತೆಯಿಂದ ಖಾತೆಗೆ. ನಿನ್ನ ಒಪ್ಪಿಗೆ ಇಲ್ಲದೆ ಮಾವ ಹಾಕಿದ ಸಹಿ ನಿನ್ನನ್ನ ಕಟ್ಟಿಹಾಕಲ್ಲ, ಆದ್ರೆ ಗೊತ್ತಿದ್ದೂ ನೀನು ಸುಮ್ಮನಿದ್ರೆ ಒಪ್ಕೊಂಡ ಲೆಕ್ಕಕ್ಕೆ ಬಂದುಬಿಡುತ್ತೆ, ಅದಕ್ಕೇ ತಡ ಮಾಡಬೇಡ. ಆದ್ರೆ ನೋಡು, ವಾಪಸ್ ಕಳಿಸೋಕೂ ಓಟಿಪಿ ಬೇಕು.

ಹಾಗಾಗಿ ನಾನು ಹೇಳೋದು ಒಂದೇ ಕೆಲಸ. ಬ್ಯಾಂಕಿಗೆ ಹೋಗು, ನಿನ್ನ ಬ್ರ್ಯಾಂಚಿಗೆ, ಒಬ್ಬಳೇ. ಖಾತೇಲಿರೋ ಮೊಬೈಲ್ ನಂಬರ್ ಬದಲಾಯಿಸಬೇಕು ಅಂತ ಹೇಳಿ ಫಾರಂ ಇಸ್ಕೋ, ನಿನ್ನ ನಂಬರ್ ಬರಿ. ಆ ಇನ್‌ಸ್ಟಾಗೂ ಅದೇ ನಂಬರ್ ಹಾಕು, ಪಾಸ್‌ವರ್ಡ್ ಬದಲಿಸು. ಇದಾಗೋ ತನಕ ಯಾವ ಕಾಲೇಜಿಗೂ ಹೋಗಬೇಡ, ಯಾವ ಪ್ರೊಡ್ಯೂಸರನ್ನೂ ನೋಡಬೇಡ, ನನಗೆ ಇನ್ನೊಂದು ಪತ್ರಾನೂ ಬರೀಬೇಡ.

ಪಾಸ್‌ಬುಕ್ ಮಾವನ ಹತ್ರ ಇದ್ರೆ ಅದಕ್ಕೋಸ್ಕರ ಕಾಯಬೇಡ, ಆಧಾರ್, ಪ್ಯಾನ್ ಎರಡೂ ತಗೊಂಡು ಹೋದ್ರೆ ಖಾತೆ ಹುಡುಕಿ ಕೊಡ್ತಾರೆ. ಹಳೇ ಸಹಿ ತಾಳೆ ಆಗಲ್ಲ ಅಂದ್ರೆ ಹೊಸದು ಹಾಕಿ ಕೊಡು, ಯಾವ ಥರ ಹಾಕ್ಲಿ ಅಂತ ಯಾರನ್ನೂ ಕೇಳಬೇಡ. ಮಾವ ಜೊತೇಲಿ ಬರ್ತೀನಿ ಅಂದ್ರೆ ಬರ್ಲಿ ಪಾಪ, ಹೊರಗಡೆ ಬೆಂಚಲ್ಲಿ ಕೂರಿಸು, ಕೈಗೊಂದು ನೀರಿನ ಬಾಟ್ಲು ಕೊಡು. ಬೆಳಿಗ್ಗೆ ಹತ್ತೂವರೆ ಒಳಗೆ ಹೋಗು, ಊಟದ ಹೊತ್ತಿಗೆ ಹೋದ್ರೆ ಕೌಂಟರಲ್ಲಿ ಯಾರೂ ಇರಲ್ಲ. ಎರಡನೇ ಶನಿವಾರ, ನಾಲ್ಕನೇ ಶನಿವಾರ ರಜ, ನೋಡ್ಕೊಂಡು ಹೊರಡು.